ಒಂಟಿ ದುಡಿಮೆಯೂ ಕೂಡು ದುಡಿಮೆಯೂ

ಹೋಟೆಲಿನ ಸಂಬಳದ ಕೆಲಸವನ್ನು ತ್ಯಜಿಸಿ, ಫೋನಿನಲ್ಲಿ ಬರುವ ಆರ್ಡರುಗಳನ್ನು ಮನೆಮನೆಗೆ ಮುಟ್ಟಿಸುವ ಕೆಲಸಕ್ಕೋ, ಮದುವೆ-ಮುಂಜಿಗಳ ಬಿಡಿ ಅಡಿಗೆಗೋ ಇಳಿದಿರುವ ನಮ್ಮ ತರುಣರು ಆಗಾಗ ಈ ಕಛೇರಿಗೆ ಬರುವುದುಂಟು. ಅವರೆಲ್ಲರ ಮಾತು ಒಂದೇ: “ಈಗ ನಮಗೆ ಧಣಿ ಎಂಬವರಿಲ್ಲ.” ನಾಲ್ಕಾರು ಅಂಗಡಿಗಳ ಲೆಕ್ಕವನ್ನು ಮನೆಯಲ್ಲೇ ಬರೆಯುವ ಗುಮಾಸ್ತ ಬಂಧುಗಳ ಅಭಿಮಾನವೂ ಇದೇ.

ಈ ಮಾತನ್ನು ನಾವು ಅಲ್ಲಗಳೆಯಲಾರೆವು. ನಾವೂ ಹಲವು ವರ್ಷ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರು. ನಸುಕಿನಲ್ಲಿ ಒಲೆ ಹಚ್ಚಿದ ಭಟ್ಟರನ್ನು ರಾತ್ರಿಯ ತನಕ ನಿಲ್ಲಿಸಿಕೊಂಡದ್ದುಂಟು. ವಾರದ ರಜೆ ಕೇಳಿದವನಿಗೆ ಮುಖ ಗಂಟಿಕ್ಕಿದ್ದುಂಟು. ಅಂಥವರು ಬಿಟ್ಟುಹೋದರೆ ತಪ್ಪು ಅವರದೆನ್ನಲು ನಮಗೆ ಬಾಯಿಲ್ಲ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಜ್ವರ ಬಂದ ದಿನ ಏನು ಗತಿ? ಹೋಟೆಲಿನಲ್ಲಿ ದೋಸೆಕಲ್ಲಿನವನು ಮಲಗಿದರೆ ಇಡ್ಲಿಯವನು ಕೈಗೂಡಿಸುತ್ತಾನೆ. ಒಂಟಿ ದುಡಿಯುವವನು ಮಲಗಿದರೆ ಅಂದಿನ ಗಳಿಕೆಯೂ ಮಲಗುತ್ತದೆ. ಕ್ಲೀನರಾಗಿ ಬಂದ ಹುಡುಗ ಭಟ್ಟರ ಕೈ ನೋಡಿ ಅಡಿಗೆ ಕಲಿತು, ಮುಂದೆ ತಾನೇ ಹೋಟೆಲಿಟ್ಟದ್ದು ನಮ್ಮವರ ಚರಿತ್ರೆ. ಸ್ಕೂಟರಿನ ಮೇಲೆ ಒಬ್ಬನೇ ಅಲೆಯುವವನಿಗೆ ಕಲಿಸುವವರಾರು?

ಕಾನೂನಿನ ಮಾತೂ ಇದೆ. ಇ.ಎಸ್.ಐ. ಇರುವಲ್ಲಿ 2019ರ ದರದಂತೆ, ಸಂಬಳದ ಪ್ರತಿ ಸಾವಿರ ರೂಪಾಯಿಗೆ ನೌಕರನ ಪಾಲು 7.50, ಮಾಲಿಕನ ಪಾಲು 32.50. ಈ ಎರಡನೆಯ ಪಾಲು ಒಂಟಿಗನಿಗೆ ಇಲ್ಲ. ಆರ್ಡರು ಮುಟ್ಟಿಸುವವನ ಹೆಸರನ್ನು ಕಾನೂನು ಗುರುತಿಸಿದುದೇ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ; ಅದು ಜಾರಿಗೆ ಬಂದದ್ದು 2025ರ ನವೆಂಬರದಲ್ಲಿ. ಕರ್ನಾಟಕ ಸರಕಾರವು 2025ರಲ್ಲಿ ಮಾಡಿದ ಪ್ರತ್ಯೇಕ ಕಾಯಿದೆಯು ಇಲ್ಲಿ ದುಡಿಯುವ ನಮ್ಮವರಿಗೆ ಅನ್ವಯಿಸದು.

ಹಾಗಾದರೆ ಧಣಿಯ ಕೈಕೆಳಗೆ ಇರುವುದು, ಇಲ್ಲವೆ ಒಂಟಿಯಾಗುವುದು, ಇವೆರಡೇ ದಾರಿಗಳೆ? ಅಲ್ಲ. ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಹೊರಟಾಗ, ಅಲ್ಲಿಯ ಕೆಲಸಗಾರರು ಎ. ಕೆ. ಗೋಪಾಲನ್ ಅವರ ಪ್ರೋತ್ಸಾಹದಿಂದ ಸಹಕಾರ ಸಂಘಗಳನ್ನು ಕಟ್ಟಿದರು. 1957ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ, ಅದೇ ಡಿಸೆಂಬರದಲ್ಲಿ ದೆಹಲಿಯಲ್ಲಿ ಸಂಘಗಳು ಹುಟ್ಟಿದವು. ಕೆಲಸ ಕಳೆದುಕೊಳ್ಳಬೇಕಾಗಿದ್ದ ಸಪ್ಲೈಯರುಗಳು ತಾವೇ ಒಡೆಯರಾದರು. ಕನಾಟ್ ಪ್ಲೇಸಿನ ಬಳಿಯ ಮೋಹನ್ ಸಿಂಗ್ ಪ್ಲೇಸಿನ ಕಾಫಿ ಹೌಸು ಆ ಪರಂಪರೆಯದು. ಅವರ ಬಳಿ ಬಂಡವಾಳ ಹೆಚ್ಚಿರಲಿಲ್ಲ; ಒಗ್ಗಟ್ಟಿತ್ತು.

ಆದುದರಿಂದ ನಮ್ಮ ಬಿನ್ನಹವಿಷ್ಟೆ. ಬಿಡಿ ಅಡಿಗೆಯ ನಾಲ್ವರು ಒಂದು ತಂಡವಾಗಿ, ಪ್ರತಿ ಕೆಲಸದಿಂದ ಸ್ವಲ್ಪ ಹಣವನ್ನು ಸಾಮಾನ್ಯ ನಿಧಿಗೆ ಹಾಕಲಿ. ಲೆಕ್ಕ ಬರೆಯುವ ಗುಮಾಸ್ತ ಬಂಧುಗಳು ಅದಕ್ಕೆ ನೆರವಾಗಲಿ. ಆರ್ಡರು ಮುಟ್ಟಿಸುವವರು ಇ-ಶ್ರಮ್ ನೋಂದಣಿಯನ್ನು ತಪ್ಪದೆ ಮಾಡಿಸಲಿ. ಮಾಲಿಕ ಮಿತ್ರರು ನೌಕರರ ಹೆಸರನ್ನು ರಿಜಿಸ್ಟರಿನಲ್ಲಿ ಬರೆದು, ವಾರದ ರಜೆಯನ್ನು ಕೇಳುವ ಮೊದಲೇ ಕೊಡಲಿ.

ಧಣಿಯಿಲ್ಲದಿರುವುದು ಸ್ವಾತಂತ್ರ್ಯವೇ ಸರಿ. ಆದರೆ ಜೊತೆಗಾರನೂ ಇಲ್ಲದಿರುವುದು ಸ್ವಾತಂತ್ರ್ಯವಲ್ಲ, ಅನಾಥತೆ. ಊರು ಬಿಟ್ಟು ಇಷ್ಟು ದೂರ ಬಂದಿರುವ ನಾವು ಈ ಭೇದವನ್ನು ಮರೆಯಬಾರದು.