ಎಣಿಕೆಗೆ ಸಿಗದ ಕನ್ನಡಿಗರು

ಜನಗಣತಿಯವರು ಮನೆಗೆ ಬಂದು ‘ಮಾತೃಭಾಷೆ ಯಾವುದು?’ ಎಂದು ಕೇಳಿದಾಗ ನಾವು ‘ಕನ್ನಡ’ ಎಂದು ಅಭಿಮಾನದಿಂದಲೇ ಹೇಳುತ್ತೇವೆ, ಅವರು ಬರೆದುಕೊಳ್ಳುತ್ತಾರೆ. ಹಾಗೆ ಬರೆದುಕೊಂಡ ಫಲವಾಗಿ 2011ರ ಗಣತಿಯಲ್ಲಿ ದೇಶದ ಕನ್ನಡ ಭಾಷಿಕರು 4 ಕೋಟಿ 37 ಲಕ್ಷವೆಂದೂ, ಅವರಲ್ಲಿ ಮಹಾರಾಷ್ಟ್ರದಲ್ಲಿರುವವರು ಸುಮಾರು 10 ಲಕ್ಷವೆಂದೂ ತಿಳಿದುಬಂತು. 2021ರಲ್ಲಿ ಆಗಬೇಕಿದ್ದ ಗಣತಿ ಮುಂದಕ್ಕೆ ಹೋಗಿ 2027ಕ್ಕೆ ನಿಗದಿಯಾಗಿದೆ. ಅಲ್ಲಿಯೂ ನಾವು ಇದೇ ಉತ್ತರ ಕೊಡುವವರೇ. ಆದರೆ ಹೀಗೆ ವರ್ಷಗಟ್ಟಲೆ ಕಾಯಿಸಿ, ಕೇಳಿ ಎಣಿಸುವ ಸರ್ಕಾರದ ಗಣತಿಯ ಜೊತೆಗೆ, ಯಾರನ್ನೂ ಕೇಳದೆ ಹಗಲಿರುಳು ನಡೆಯುತ್ತಿರುವ ಇನ್ನೊಂದು ಗಣತಿ ಇದೆ. ಅದರ ದಫ್ತರದಲ್ಲಿ ನಮ್ಮಲ್ಲಿ ಬಹುಮಂದಿ ಕನ್ನಡಿಗರೇ ಅಲ್ಲ! ಇದನ್ನು ಕುರಿತು ನಾಲ್ಕು ಖಾರದ ಮಾತು ಆಡುವುದು ಅಗತ್ಯವಾಗಿದೆ.

ಮೊದಲು ಈ ಎಣಿಕೆ ನಡೆಯುವ ಬಗೆಯನ್ನು ತಿಳಿಯೋಣ. ಮೊಬೈಲಿನಲ್ಲಿ ಒಂದು ಜಾಲತಾಣವನ್ನು ತೆರೆದೊಡನೆ, ಪುಟ ಕಣ್ಣಿಗೆ ಬೀಳುವ ಮುನ್ನವೇ ನಮ್ಮ ಯಂತ್ರ ಅಲ್ಲಿಗೊಂದು ಚೀಟಿ ಕಳಿಸಿರುತ್ತದೆ: ‘ನಮ್ಮ ಯಜಮಾನರಿಗೆ ಇಂಥ ಭಾಷೆ ಬೇಕು’ ಎಂದು. ಆ ಭಾಷೆ ಯಾವುದೆಂಬುದನ್ನು ಯಂತ್ರ ನಮ್ಮ ಮನೆಮಾತು ಕೇಳಿ ನಿರ್ಧರಿಸುವುದಿಲ್ಲ. ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ಇದ್ದುದನ್ನೇ ಬರೆದು ಕಳಿಸುತ್ತದೆ. ನಮ್ಮ ಊರನ್ನು ಇಂಟರ್ನೆಟ್ ವಿಳಾಸದಿಂದ ಊಹಿಸುತ್ತಾರೆ. ಎಷ್ಟು ಹೊತ್ತು ಓದಿದೆವು, ಏನನ್ನು ಒತ್ತಿದೆವು, ಯಾವ ಪುಟದಿಂದ ಎದ್ದುಹೋದೆವು, ಎಲ್ಲಕ್ಕೂ ಲೆಕ್ಕ. ಈ ಲೆಕ್ಕಕ್ಕೆ ವೆಬ್ ಅನಲಿಟಿಕ್ಸ್ ಎಂದು ಹೆಸರು. ಅರ್ಚಿನ್ ಎಂಬ ಕಂಪನಿಯನ್ನು ಗೂಗಲ್ 2005ರಲ್ಲಿ ಕೊಂಡುಕೊಂಡು, ಅದೇ ವರ್ಷದ ನವೆಂಬರಿನಲ್ಲಿ ಗೂಗಲ್ ಅನಲಿಟಿಕ್ಸನ್ನು ಪುಕ್ಕಟೆಯಾಗಿ ಹಂಚತೊಡಗಿದ ಮೇಲೆ, ಸಣ್ಣ ಅಂಗಡಿಯ ತಾಣಕ್ಕೂ ಗುಮಾಸ್ತನಿಲ್ಲದ ಖಾತೆಪುಸ್ತಕ ದೊರೆತಂತಾಯಿತು.

ಕಾತ್ರಜದವರಿಗೆ ಇದನ್ನು ಅರ್ಥಮಾಡಿಸುವುದು ಸುಲಭ. ಹದಿನೆಂಟನೆಯ ಶತಮಾನದಲ್ಲಿ ನಾನಾಸಾಹೇಬ ಪೇಶ್ವೆಯವರ ಕಾಲದಲ್ಲಿ ಇಲ್ಲಿಯ ಕೆರೆಯ ನೀರು ನೆಲದೊಳಗಿನ ಕಾಲುವೆಯಲ್ಲಿ ಹರಿದು ಶನಿವಾರವಾಡೆಯನ್ನು ಮುಟ್ಟುತ್ತಿತ್ತು. ಮೇಲೆ ನಡೆಯುವವರಿಗೆ ಅದರ ಸದ್ದೂ ಕೇಳಿಸುತ್ತಿರಲಿಲ್ಲ. ಇಂದು ಕಾತ್ರಜದಿಂದ ಹಾಗೆಯೇ ಸದ್ದಿಲ್ಲದೆ ಹರಿದುಹೋಗುತ್ತಿರುವುದು ನಮ್ಮ ನಿಮ್ಮ ದಿನಚರಿ.

ಮೊಬೈಲೊಂದೇ ಈ ಕೆಲಸ ಮಾಡುತ್ತದೆಂದು ತಿಳಿಯಬೇಡಿ. ದೀಪಾವಳಿಯ ರಿಯಾಯಿತಿಯಲ್ಲಿ ಕಂತಿನ ಮೇಲೆ ತರುವ ಸ್ಮಾರ್ಟ್ ಟಿವಿ, ಕೈಗೆ ಕಟ್ಟುವ ಗಡಿಯಾರ, ಕರೆದರೆ ಓಗೊಡುವ ಡಬ್ಬಿ, ಇವೂ ಎಣಿಸುವ ಯಂತ್ರಗಳೇ. ಅಮೆರಿಕದಲ್ಲಿ ವಿಜಿಯೊ ಎಂಬ ಟಿವಿ ಕಂಪನಿ ಸುಮಾರು 1 ಕೋಟಿ 10 ಲಕ್ಷ ಟಿವಿಗಳಲ್ಲಿ ಜನ ಏನು ನೋಡುತ್ತಾರೆಂಬುದನ್ನು ಸರಿಯಾದ ಒಪ್ಪಿಗೆಯಿಲ್ಲದೆ ಸಂಗ್ರಹಿಸಿತೆಂಬ ಆರೋಪಕ್ಕೆ 2017ರಲ್ಲಿ 22 ಲಕ್ಷ ಡಾಲರ್ ತೆರಲು ಒಪ್ಪಬೇಕಾಯಿತು. ನಾವು ಟಿವಿ ನೋಡುತ್ತೇವೆ; ಟಿವಿಯೂ ನಮ್ಮನ್ನು ನೋಡುತ್ತದೆ.

ಈಗ ನಮ್ಮವರ ಮನೆಗಳನ್ನು ನೋಡೋಣ. ಕಾತ್ರಜ, ಧನಕವಡಿ, ಆಂಬೇಗಾವಗಳಲ್ಲಿ ಬೆಳಗಾವಿಯಿಂದ, ಧಾರವಾಡದಿಂದ, ವಿಜಯಪುರದಿಂದ, ಕಲಬುರ್ಗಿಯಿಂದ ಬಂದು ನೆಲೆಸಿದ ಸಂಸಾರಗಳಿವೆ. ಮನೆಯಲ್ಲಿ ಮಾತು ಕನ್ನಡ, ಊಟ ಜೋಳದ ರೊಟ್ಟಿ, ಗೋಡೆಯ ಮೇಲೆ ಕನ್ನಡ ಪಂಚಾಂಗ. ಆದರೆ ಮೊಬೈಲು? ಅಂಗಡಿಯವನು ಕೊಟ್ಟ ದಿನದಿಂದ ಇಂಗ್ಲಿಷ್. ಬಂಧುಗಳ ವಾಟ್ಸಾಪ್ ಗುಂಪಿನಲ್ಲಿ ‘ಊಟ ಆಯ್ತಾ ಅಕ್ಕಾ’ ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟುತ್ತಾರೆ. ಅಡುಗೆಯ ವಿಧಾನ ಹುಡುಕುವುದೂ, ಔಷಧಿಯ ಹೆಸರು ಹುಡುಕುವುದೂ ಇಂಗ್ಲಿಷಿನಲ್ಲಿ. ಫಲವೇನು? ಖಾತೆಪುಸ್ತಕದಲ್ಲಿ ಈ ಮನೆ ‘ಪುಣೆ, ಇಂಗ್ಲಿಷ್’ ಎಂದು ದಾಖಲಾಗುತ್ತದೆ. ಎಷ್ಟೋ ಮೊಬೈಲುಗಳಲ್ಲಿ ಆ ಇಂಗ್ಲಿಷೂ ಅಮೆರಿಕದ್ದಾಗಿರುತ್ತದೆ. ಮೊಮ್ಮಕ್ಕಳನ್ನು ನೋಡಿಕೊಳ್ಳಲು ಇಂಡಿ ತಾಲ್ಲೂಕಿನಿಂದ ಬಂದ ಅಜ್ಜಿ ಹಾಡು ಕೇಳಲು ಮಗನ ಮೊಬೈಲು ಹಿಡಿದರೆ, ಲೆಕ್ಕದಲ್ಲಿ ಅವರು ಅಮೆರಿಕದ ಇಂಗ್ಲಿಷಿನವರು!

ಕಚೇರಿಯ ಕಡತಗಳ ನಡುವೆ ಬಾಳುವವರಿಗೆಲ್ಲ ಒಂದು ಸತ್ಯ ಗೊತ್ತು: ಕಾಗದದಲ್ಲಿ ಇಲ್ಲದ್ದು ಲೋಕದಲ್ಲೇ ಇಲ್ಲ. ಕಂಪನಿಗಳೂ ಹಾಗೆಯೇ. ‘ನಿಮ್ಮ ಭಾಷೆಗೆ ಬೇಡಿಕೆ ಎಲ್ಲಿದೆ?’ ಎಂದು ಅವು ಕೇಳುತ್ತವೆ. ಈ ಪ್ರಶ್ನೆಯಲ್ಲಿರುವ ಕಪಟವನ್ನು ಮೊದಲು ಬಯಲಿಗೆಳೆಯಬೇಕು. ಕನ್ನಡದಲ್ಲಿ ಸೌಲಭ್ಯ ಕೊಡದೆ, ಕನ್ನಡದಲ್ಲಿ ಬಳಕೆ ಕಡಿಮೆ ಎಂದು ಎಣಿಸಿ, ಆ ಎಣಿಕೆಯನ್ನೇ ಮುಂದೆ ಹಿಡಿದು ಸೌಲಭ್ಯ ನಿರಾಕರಿಸುವುದು ಯಾವ ನ್ಯಾಯ? ಬಾವಿಗೆ ಹಗ್ಗ ಕೊಡದೆ, ಈ ಊರಿನಲ್ಲಿ ಯಾರಿಗೂ ಬಾಯಾರಿಕೆಯಿಲ್ಲವೆಂದು ವರದಿ ಬರೆದಂತಾಯಿತು. ಜಾಲತಾಣದಲ್ಲಿ ಬರೆಯುವವರಿಗೆ ಜಾಹೀರಾತಿನ ಹಣ ತರುವ ಗೂಗಲ್ಲಿನ ಆಡ್‌ಸೆನ್ಸ್ ಹಿಂದಿಗೆ 2014ರಲ್ಲಿ, ಬಂಗಾಳಿಗೆ 2017ರಲ್ಲಿ, ತಮಿಳು ತೆಲುಗುಗಳಿಗೆ 2018ರಲ್ಲಿ ದೊರೆಯಿತು. ಕನ್ನಡದ ಸರದಿ ಇವೆಲ್ಲವುಗಳ ಹಿಂದೆ. 2017ರಲ್ಲಿ ಭಾರತಕ್ಕೆ ಬಂದ ಅಮೆಜಾನಿನ ಅಲೆಕ್ಸಾಗೆ 2019ರಲ್ಲಿ ಹಿಂದಿ ಕಲಿಸಿದರು. ಕನ್ನಡ ಕಲಿಸುವ ಆತುರ ಆಗ ಯಾರಿಗೂ ಇರಲಿಲ್ಲ.

2021ರ ಜೂನ್ ತಿಂಗಳನ್ನು ಮರೆಯಲಾದೀತೇ? ಭಾರತದ ಅತ್ಯಂತ ಕುರೂಪ ಭಾಷೆ ಯಾವುದೆಂದು ಕೇಳಿದರೆ ಗೂಗಲ್ ‘ಕನ್ನಡ’ ಎಂದು ತೋರಿಸಿತು. ಕನ್ನಡಿಗರು ಸಿಡಿದೆದ್ದರು, ಕಂಪನಿ ಕ್ಷಮೆ ಕೇಳಿತು. ಸಿಡಿದೆದ್ದುದು ಸರಿಯೇ. ಆದರೆ ಯಾವುದೋ ಒಂದು ಪುಟದ ಕೊಳಕು ಸಾಲನ್ನು ಹೆಕ್ಕಿ ಯಂತ್ರ ಉತ್ತರವೆಂದು ಮುಂದಿಟ್ಟದ್ದರಿಂದ ಆದ ಅನಾಹುತ ಅದು. ಒಳ್ಳೆಯ ಬೆಳೆ ಇಲ್ಲದ ಹೊಲದಲ್ಲಿ ಕಳೆಯೇ ಎದ್ದು ಕಾಣುವುದು. ಒಂದು ವಾರದ ಸಿಟ್ಟಿನಿಂದ ಕಳೆ ಒಂದು ಕಿತ್ತಿತು. ಬಿತ್ತುವ ಕೆಲಸ ಹಾಗೆಯೇ ಉಳಿಯಿತು.

ಬಿತ್ತಲು ಸಾಧನವಿಲ್ಲವೇ? ಧಾರಾಳವಾಗಿದೆ. ಜಗತ್ತಿನ ಲಿಪಿಗಳ ಯೂನಿಕೋಡ್ ಪಟ್ಟಿಯಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಸ್ಥಾನ ದೊರೆತಿದೆ. 2014ರ ಆಂಡ್ರಾಯ್ಡ್ 5ರಲ್ಲಿ ಮೊಬೈಲಿನ ಪರದೆಯೇ ಕನ್ನಡವಾಯಿತು. ಮಾರುವ ಪ್ರತಿ ಮೊಬೈಲೂ ದೇಶದ ಎಲ್ಲ 22 ಅಧಿಕೃತ ಭಾಷೆಗಳ ಅಕ್ಷರ ತೋರಿಸಲೇಬೇಕೆಂದು ಭಾರತೀಯ ಮಾನಕ 16333 ವಿಧಿಸಿತು. ಕೇಂದ್ರ ಸರ್ಕಾರ ಅದನ್ನು ಕಡ್ಡಾಯಗೊಳಿಸುವ ಆದೇಶವನ್ನು 2016ರಲ್ಲಿ ಹೊರಡಿಸಿತು. ಇಂಗ್ಲಿಷ್ ಅಕ್ಷರ ಒತ್ತಿದರೂ ಕನ್ನಡ ಲಿಪಿ ಮೂಡಿಸುವ ಕೀಲಿಮಣೆ ಪುಕ್ಕಟೆ ಸಿಗುತ್ತದೆ. ಇಷ್ಟಿದ್ದೂ ಬಳಸದವರಿಗೆ ಕಂಪನಿಗಳನ್ನು ಬೈಯುವ ಹಕ್ಕು ಅರ್ಧದಷ್ಟು ಮಾತ್ರ.

‘ಸೆಟ್ಟಿಂಗ್ಸ್‌ನ ಕನ್ನಡ ಕೃತಕ, ಅರ್ಥವಾಗುವುದಿಲ್ಲ’ ಎನ್ನುವವರಿದ್ದಾರೆ. ಕೃತಕವೇ ಹೌದು, ಬಳಸುವವರು ಗದ್ದಲ ಮಾಡಿದರೆ ತಿದ್ದುವರು, ಬಳಸದವರ ದೂರಿಗೆ ಬೆಲೆಯಿಲ್ಲ. ‘ನಮ್ಮ ಮಕ್ಕಳಿಗೆ ಕನ್ನಡ ಓದಲು ಬಾರದು’ ಎನ್ನುವವರಿಗೆ, ದಿನಕ್ಕೆ ನೂರು ಸಲ ನೋಡುವ ಪರದೆಗಿಂತ ಒಳ್ಳೆಯ ಅಕ್ಷರಮಾಲೆ ಎಲ್ಲಿದೆ ಎಂದು ನಾವು ಕೇಳುತ್ತೇವೆ.

‘ಎಣಿಕೆಗೆ ಸಿಗದಿರುವುದೇ ಕ್ಷೇಮವಲ್ಲವೇ?’ ಎಂಬ ಪ್ರಶ್ನೆ ಇದಕ್ಕಿಂತ ತೂಕದ್ದು. ನಮ್ಮ ಉತ್ತರ ಇಷ್ಟು: ಇಂಗ್ಲಿಷಿನಲ್ಲಿ ಬಳಸಿದವರನ್ನೂ ಎಣಿಸಿಯೇ ಎಣಿಸುತ್ತಾರೆ. ಅವರ ಜೇಬು, ಅಭ್ಯಾಸ, ಅಡ್ಡಾಟ ಎಲ್ಲವೂ ಲೆಕ್ಕಕ್ಕೆ ಸಿಗುತ್ತವೆ, ಭಾಷೆಯೊಂದೇ ತಪ್ಪಿಹೋಗುತ್ತದೆ. ಕೊಡಬೇಕಾದುದನ್ನು ಬಚ್ಚಿಟ್ಟು, ಬಚ್ಚಿಡಬೇಕಾದುದನ್ನು ಕೊಡುವ ಈ ವ್ಯಾಪಾರ ತಲೆಕೆಳಗಾಗಬೇಕು. ಭಾಷೆ ಕನ್ನಡವೆಂದು ಸಾರಿ ಹೇಳೋಣ. ಬ್ಯಾಟರಿಯ ಆ್ಯಪು ನಮ್ಮ ಫೋನ್ ಪುಸ್ತಕ ಕೇಳಿದರೆ ‘ಇಲ್ಲ’ ಎನ್ನೋಣ. ಹಾಗೆನ್ನಲು ಕೇಳಿದ್ದೇನೆಂಬುದು ಅರ್ಥವಾಗಬೇಕಷ್ಟೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಒಪ್ಪಿಗೆ ಕೇಳುವ ಬರಹವನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆಯನ್ನು ನಮಗೆ ಕೊಡಬೇಕು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಿದ್ದವು. ಈ ಭಾಗದ ಜಾರಿಗೆ ಹದಿನೆಂಟು ತಿಂಗಳ ಗಡುವು ಕೊಟ್ಟರು. ಕನ್ನಡದಲ್ಲಿ ಕೇಳುವವರೇ ಇಲ್ಲದಿದ್ದರೆ ಈ ಹಕ್ಕೂ ಗೆಜೆಟ್ಟಿನ ಪುಟದಲ್ಲೇ ಒಣಗೀತು.

ನಮ್ಮಂಥ ಸಂಘಗಳಿಗೂ ಇಲ್ಲಿ ಕರ್ತವ್ಯವಿದೆ. ಹಳೆಯ ಫಾಂಟಿನಲ್ಲಿ ಜೋಡಿಸಿದ ಕನ್ನಡ ಮನುಷ್ಯರ ಕಣ್ಣಿಗೆ ಕನ್ನಡ. ಯಂತ್ರಕ್ಕೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಪುಟದ ಫೋಟೋ ತೆಗೆದು ಹಂಚಿದರೆ ಅದು ಬರಿಯ ಚಿತ್ರ. ಸಂಘಗಳ ಪತ್ರಿಕೆ, ಆಹ್ವಾನ, ವರದಿಗಳೆಲ್ಲ ಯೂನಿಕೋಡಿನಲ್ಲೇ ಬರಲಿ. ರಾಜ್ಯೋತ್ಸವದ ದಿನ ಬಾಗಿಲಲ್ಲೊಂದು ಮೇಜು ಹಾಕಿ, ಬಂದವರ ಮೊಬೈಲನ್ನು ಕನ್ನಡಕ್ಕೆ ತಿರುಗಿಸಿಕೊಡಲು ನಾಲ್ಕು ಹುಡುಗರನ್ನು ಕೂಡಿಸಲಿ. ಖರ್ಚು ಒಂದು ಕಾಸಿಲ್ಲ.

ಬಂಧುಗಳೇ, ಅತ್ತರೆ ತಾನೆ ತಾಯಿ ಹಾಲು ಕೊಡುವುದು? ಕಂಪನಿ ನಮ್ಮ ತಾಯಿಯೂ ಅಲ್ಲ. ಪರನಾಡಿನಲ್ಲಿ ಕನ್ನಡ ಉಳಿಸುತ್ತೇವೆಂದು ವೇದಿಕೆಯ ಮೇಲೆ ಗುಡುಗುವ ಮೊದಲು ಜೇಬಿನಲ್ಲಿರುವ ಯಂತ್ರಕ್ಕೆ ನಮ್ಮ ಭಾಷೆ ಯಾವುದೆಂದು ಹೇಳೋಣ. ಜನಗಣತಿಯವರು ಮನೆಯ ಬಾಗಿಲಿಗೆ ಬರುವತನಕ ಕಾಯಬೇಕಾಗಿಲ್ಲ. ಈ ಪುಟವನ್ನು ಮಡಿಚಿಟ್ಟೊಡನೆ ಆಗುವ ಕೆಲಸ ಇದು.