ಮೊದಲ ಪಂದ್ಯ ಸೋತ ಮೇಲೆ

ಜೂನ್ 14ರ ಬೆಳಿಗ್ಗೆ ಆರು ಗಂಟೆ. ರಾಯಚೂರಿನ ನಮ್ಮ ರೂಮಿನಲ್ಲಿ ಕರೆಂಟ್ ಇರಲಿಲ್ಲ. ಮಾನ್ವಿಯ ಗೆಳೆಯನ ಮೊಬೈಲಿನಲ್ಲಿ ಉಳಿದಿದ್ದ ಚಾರ್ಜ್ ನಂಬಿಕೊಂಡು ಎನ್‌ಬಿಎ ಫೈನಲ್ಸ್‌ನ ನಾಲ್ಕನೇ ಪಂದ್ಯ ನೋಡಲು ಕೂತಿದ್ದೆವು. ಏಳು ಪಂದ್ಯಗಳ ಸರಣಿ, ಮೊದಲು ನಾಲ್ಕು ಗೆದ್ದವರಿಗೆ ಕಪ್. ಲೀಗ್ ಹಂತದ 82 ಪಂದ್ಯಗಳಲ್ಲಿ 68 ಗೆದ್ದಿದ್ದ ಒಕ್ಲಹೋಮ ಸಿಟಿ ಥಂಡರ್ ತಂಡ ಇಂಡಿಯಾನಾ ಪೇಸರ್ಸ್ ಎದುರು 1-2ರಿಂದ ಹಿಂದೆ ಬಿದ್ದಿತ್ತು.

ಥಂಡರ್ ಕೋಚ್ ಮಾರ್ಕ್ ಡೇಗ್ನಾಲ್ಟ್ ಮೊದಲ ಪಂದ್ಯಕ್ಕೇ ಎತ್ತರದ ಹಾರ್ಟೆನ್‌ಸ್ಟೈನ್ ಅವರನ್ನು ಆರಂಭಿಕ ಐವರಿಂದ ಕೈಬಿಟ್ಟು ಚುರುಕಿನ ಗಾರ್ಡ್ ಕೇಸನ್ ವಾಲೇಸ್ ಅವರನ್ನು ಇಳಿಸಿದ್ದರು. ಓಡುವ ತಂಡಕ್ಕೆ ಓಡುವ ತಂಡವೇ ಉತ್ತರ ಎನ್ನುವ ಲೆಕ್ಕ. ನಾಲ್ಕನೇ ಪಂದ್ಯದಲ್ಲಿ ಅದೇ ಲೆಕ್ಕವನ್ನು ವಾಪಸ್ ಪಡೆದು ಹಾರ್ಟೆನ್‌ಸ್ಟೈನ್ ಅವರನ್ನೇ ಮೊದಲಿನಿಂದ ಆಡಿಸಿದರು. ತಂಡ ಗಳಿಸಿದ್ದು ಮೂರೇ ಮೂರು ತ್ರೀ ಪಾಯಿಂಟರ್, ಆದರೂ 111-104ರಿಂದ ಗೆದ್ದಿತು. ಗಿಲ್ಜಿಯಸ್-ಅಲೆಕ್ಸಾಂಡರ್ ಕೊನೆಯ ಐದು ನಿಮಿಷಗಳಲ್ಲಿ 15 ಅಂಕ ಹೊಡೆದರಂತೆ. 'ಅಂತೆ' ಯಾಕೆಂದರೆ ಅಷ್ಟರಲ್ಲಿ ಮೊಬೈಲ್ ಸತ್ತಿತ್ತು. ಕೊನೆಗೆ ಏಳನೇ ಪಂದ್ಯ ಗೆದ್ದು ಕಪ್ ಎತ್ತಿದರು. ಆ ದಿನ ಪೇಸರ್ಸ್‌ನ ಹ್ಯಾಲಿಬರ್ಟನ್ ಮೊದಲ ಕ್ವಾರ್ಟರ್‌ನಲ್ಲೇ ಗಾಯಗೊಂಡು ಹೊರಹೋದರು. ಅದು ಯಾವ ಕೋಚಿನ ತಂತ್ರವೂ ಅಲ್ಲ.

ಈ ಬದಲಾವಣೆಗಳನ್ನೆಲ್ಲ ಕೋಚ್ ಒಬ್ಬರೇ ಯೋಚಿಸುತ್ತಾರೆ ಎಂದುಕೊಂಡಿದ್ದೆ. 2015ರ ಫೈನಲ್ಸ್ ಬಗ್ಗೆ ಓದಿದ ಮೇಲೆ ಅಭಿಪ್ರಾಯ ಬದಲಾಯಿತು. ಅಲ್ಲೂ ಗೋಲ್ಡನ್ ಸ್ಟೇಟ್ ವಾರಿಯರ್ಸ್ 1-2ರಿಂದ ಹಿಂದಿತ್ತು. ಏಳಡಿ ಎತ್ತರದ ಬೋಗಟ್ ಬದಲು ಇಗುಡಾಲ ಅವರನ್ನು ಮೊದಲಿನಿಂದ ಇಳಿಸೋಣ ಎಂದು ಸೂಚಿಸಿದ್ದು ಕೋಚ್ ಸ್ಟೀವ್ ಕರ್ ಅವರ ಸಹಾಯಕ ನಿಕ್ ಯುರೆನ್. ವಯಸ್ಸು 28. ಹಿಂದಿನ ವರ್ಷದ ಫೈನಲ್ಸ್ ವಿಡಿಯೊ ನೋಡುತ್ತಾ ಕೂತಾಗ ಹೊಳೆದದ್ದು. ಅದಕ್ಕೆ ಬೆಲೆಯನ್ನೂ ತೆರಬೇಕಾಯಿತು. ಎದುರಾಳಿ ಕ್ಲೀವ್‌ಲ್ಯಾಂಡ್‌ನ ಎತ್ತರದ ಮೊಜ್‌ಗೊವ್ ಅವರನ್ನು ತಡೆಯುವವರಿಲ್ಲದೆ ಅವರು ಒಬ್ಬರೇ 28 ಅಂಕ ಗಳಿಸಿದರು. ಆದರೆ ಓಟದಲ್ಲಿ ಕ್ಲೀವ್‌ಲ್ಯಾಂಡ್ ಸುಸ್ತಾಗಿ 103-82ರಿಂದ ಸೋತಿತು. ಮುಂದಿನ ಪಂದ್ಯದಲ್ಲಿ ಕ್ಲೀವ್‌ಲ್ಯಾಂಡ್ ಕೂಡ ಸಣ್ಣಾಳುಗಳ ತಂಡ ಕಟ್ಟಿ, ಆ 28 ಅಂಕದ ಮೊಜ್‌ಗೊವ್ ಅವರನ್ನು ಒಂಬತ್ತೇ ನಿಮಿಷ ಆಡಿಸಿತು. ಎದುರಾಳಿಯ ಆಟವನ್ನು ನಕಲು ಮಾಡಲು ಹೋಗಿ ತನ್ನ ಬಲವನ್ನೇ ಬೆಂಚಿನಲ್ಲಿ ಕೂರಿಸಿದಂತಾಯಿತು. ಸರಣಿ 4-2ರಿಂದ ವಾರಿಯರ್ಸ್ ಪಾಲಾಯಿತು. ಲೀಗ್ ಹಂತದ ಒಂದು ಪಂದ್ಯದಲ್ಲೂ ಆರಂಭಿಕ ಐವರಲ್ಲಿ ಇರದ ಇಗುಡಾಲ ಫೈನಲ್ಸ್‌ನ ಶ್ರೇಷ್ಠ ಆಟಗಾರ.

ಬ್ಯಾಸ್ಕೆಟ್‌ಬಾಲ್ ದೂರದ ಮಾತು ಎನ್ನುವವರು 2025ರ ಇಂಗ್ಲೆಂಡ್ ಟೆಸ್ಟ್ ಸರಣಿಯಲ್ಲಿ ನಮ್ಮ ಪ್ರಸಿದ್ಧ ಕೃಷ್ಣ ಅವರನ್ನು ನೋಡಬಹುದು. ಲೀಡ್ಸ್‌ನಲ್ಲಿ ಐದು ವಿಕೆಟ್ ಸಿಕ್ಕರೂ ಓವರಿಗೆ ಆರಕ್ಕಿಂತ ಹೆಚ್ಚು ರನ್ ಕೊಟ್ಟರು. ಬರ್ಮಿಂಗ್‌ಹ್ಯಾಮ್‌ನಲ್ಲಿ ಶಾರ್ಟ್ ಎಸೆತಗಳನ್ನು ಜೇಮಿ ಸ್ಮಿತ್ ಒಂದೇ ಓವರಿನಲ್ಲಿ ಚಚ್ಚಿಹಾಕಿದರು. ಮುಂದಿನ ಎರಡು ಟೆಸ್ಟ್‌ಗಳಲ್ಲಿ ಅವರಿಗೆ ಜಾಗವಿರಲಿಲ್ಲ. ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಂತೂ ಅವರ ಕಥೆ ಮುಗಿಸಿಬಿಟ್ಟಿದ್ದರು, ನಾನೂ ಸೇರಿ. ಓವಲ್‌ನಲ್ಲಿ ಬೂಮ್ರಾ ಇಲ್ಲದಾಗ ಮರಳಿ ಬಂದು, ಚೆಂಡನ್ನು ಇನ್ನಷ್ಟು ಮುಂದೆ ಪಿಚ್ ಮಾಡಿ, ಎರಡೂ ಇನ್ನಿಂಗ್ಸ್‌ಗಳಲ್ಲಿ ತಲಾ ನಾಲ್ಕು ವಿಕೆಟ್ ತೆಗೆದರು. ಆಗಸ್ಟ್ 4ರಂದು ಭಾರತ ಗೆದ್ದದ್ದು ಆರು ರನ್‌ಗಳಿಂದ. ಸಿರಾಜ್ ಹೆಸರು ಎಲ್ಲರ ಬಾಯಲ್ಲಿತ್ತು, ಅದು ನ್ಯಾಯವೇ. ಆದರೆ ಇದೇ ಸರಣಿ ಎರಡು ಟೆಸ್ಟ್‌ಗಳದ್ದಾಗಿದ್ದರೆ ಪ್ರಸಿದ್ಧ ಅವರ ಬಗ್ಗೆ ನಾವು ಏನು ಹೇಳುತ್ತಿದ್ದೆವು?

ನನಗೆ ಕಾಡುವುದು ಇದೇ. ನಮ್ಮ ಕಡೆಯ ತಾಲ್ಲೂಕು, ಜಿಲ್ಲಾ ಮಟ್ಟದ ಕ್ರೀಡಾಕೂಟಗಳು ಹೆಚ್ಚಾಗಿ ನಾಕೌಟ್. ನಾನು ದೇವದುರ್ಗದಲ್ಲಿ ಪಿಯುಸಿ ಓದುವಾಗ ಬೆಳಗಿನ ಬಸ್ಸು ಹತ್ತಿ ರಾಯಚೂರಿಗೆ ಬಂದು, ನಲವತ್ತು ನಿಮಿಷ ಆಡಿ, ಸೋತು, ಮಧ್ಯಾಹ್ನದ ಬಸ್ಸಿಗೆ ವಾಪಸ್ ಹೋಗಿದ್ದೇವೆ. ಎದುರಾಳಿಯ ಎಡಗೈ ಹುಡುಗ ಯಾವ ಕಡೆಯಿಂದ ನುಗ್ಗುತ್ತಾನೆ ಎಂದು ಗೊತ್ತಾಗುವಷ್ಟರಲ್ಲಿ ನಮ್ಮ ವರ್ಷ ಮುಗಿದಿರುತ್ತಿತ್ತು. 'ಒಂದ್ ಮ್ಯಾಚಿಗೇ ಮನಿಗಿ ಕಳಿಸಿದ್ರ ಕಲಿಯೋದ್ ಯಾವಾಗಲೇ?' ಎನ್ನುತ್ತಾನೆ ಮಾನ್ವಿಯ ಗೆಳೆಯ. ಸಂಘಟಕರಿಗೂ ಕಷ್ಟವಿದೆ: ಮೈದಾನ, ಊಟ, ರೆಫ್ರಿ, ಎಲ್ಲಕ್ಕೂ ದುಡ್ಡು. ಆದರೆ ಹತ್ತಿರದ ನಾಲ್ಕು ಕಾಲೇಜುಗಳು ಭಾನುವಾರ ತಮ್ಮ ತಮ್ಮಲ್ಲೇ ಮೂರು ಪಂದ್ಯಗಳ ಸರಣಿ ಆಡಲು ಯಾವ ಅನುದಾನ ಬೇಕು?

ಹಾಗಂತ ಬರೆದು ಸುಮ್ಮನಾಗಲಿಲ್ಲ. ನಮ್ಮನ್ನು ಸೋಲಿಸಿದ ತಂಡವನ್ನೇ ಮತ್ತೆ ಆಡಲು ಕರೆದೆವು. ಮೊದಲ ಪಂದ್ಯ 48-29, ಸೋಲು. ಅದನ್ನು ಜೂನಿಯರ್ ಒಬ್ಬ ನೀರಿನ ಟ್ಯಾಂಕ್ ಮೇಲಿಂದ ಮೊಬೈಲಿನಲ್ಲಿ ಚಿತ್ರೀಕರಿಸಿದ. ರಾತ್ರಿ ಕೂತು ಎಣಿಸಿದರೆ ಅವರ 48ರಲ್ಲಿ 26 ಅಂಕ ಬುಟ್ಟಿಯ ಕೆಳಗೆ ನಿಂತ ಒಬ್ಬ ಎತ್ತರದ ಹುಡುಗನದ್ದು. ಎರಡನೇ ಪಂದ್ಯದಲ್ಲಿ ಒಬ್ಬರಿಗೊಬ್ಬರು ಕಾವಲು ನಿಲ್ಲುವುದನ್ನು ಬಿಟ್ಟು ಮುಂದೆ ಇಬ್ಬರು, ಹಿಂದೆ ಮೂವರು ನಿಂತು ಜಾಗ ಕಾದೆವು. ಅವನಿಗೆ ಸಿಕ್ಕಿದ್ದು 8 ಅಂಕ. ಆದರೂ 41-35ರಿಂದ ಸೋತೆವು. ಮೂಲೆಯಿಂದ ಎಸೆಯುವವನೊಬ್ಬನನ್ನು ನಾವು ಮರೆತಿದ್ದೆವು.

ಸರಣಿ ಕೈತಪ್ಪಿದರೂ ಮೂರನೇ ಪಂದ್ಯ ಆಡೋಣ ಎಂದು ಅವರೇ ಹೇಳಿದ್ದಾರೆ, ಈ ಭಾನುವಾರ. ಈ ಸಲ ಅವರು ಎತ್ತರದ ಹುಡುಗನನ್ನು ಬುಟ್ಟಿಯಿಂದ ಹೊರಗೆ, ಫ್ರೀ ಥ್ರೋ ಗೆರೆಯ ಹತ್ತಿರ ನಿಲ್ಲಿಸುತ್ತಾರೆ ಅಂತ ನನ್ನ ಅನುಮಾನ. ಗೆಳೆಯ ಒಪ್ಪುತ್ತಿಲ್ಲ.