ಮೆಣಸು ಬರೀ ಮೆಣಸಲ್ಲ

ಕಾಳುಮೆಣಸು ಬೆರೆಸಿದ ಅರಿಸಿನದ ಕ್ಯಾಪ್ಸೂಲನ್ನು ಯಾವ ಔಷಧದ ಜೊತೆಗಾದರೂ ನುಂಗಬಹುದು ಎನ್ನುವ ಲೇಖನ ಗುಂಡ್ಲುಪೇಟೆ, ಚಾಮರಾಜನಗರದ ಅರಿಸಿನ ಬೆಳೆಗಾರರಿಗೆ ಹಿತವಾಗಿಯೇ ಕೇಳಿಸೀತು. ಅದು ಅರ್ಧಸತ್ಯ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರ 1998ರ ಅಧ್ಯಯನದಲ್ಲಿ, ಅರಿಸಿನದ 2 ಗ್ರಾಂ ಕರ್ಕ್ಯುಮಿನ್‌ಗೆ ಮೆಣಸಿನ 20 ಮಿಲಿಗ್ರಾಂ ಪೈಪರಿನ್ ಸೇರಿಸಿದಾಗ ಕರ್ಕ್ಯುಮಿನ್ ರಕ್ತ ಸೇರುವ ಪ್ರಮಾಣ ಸುಮಾರು 20 ಪಟ್ಟಾಯಿತು, ನಿಜ. ಆದರೆ ಹೇಗೆ? ಕರ್ಕ್ಯುಮಿನ್ ಅನ್ನು ಪರಿವರ್ತಿಸಿ ಹೊರಹಾಕುವ ಕಿಣ್ವಗಳನ್ನು ಪೈಪರಿನ್ ತಡೆಯುತ್ತದೆ. ಬೇರೆ ಔಷಧಗಳನ್ನು ವಿಭಜಿಸುವ ಕಿಣ್ವಗಳನ್ನೂ ಅದು ಬಿಡುವುದಿಲ್ಲ. ಹೀಗಾಗಿ ಮೂರ್ಛೆರೋಗದ ಔಷಧ ಫೆನಿಟಾಯಿನ್ ರಕ್ತದಲ್ಲಿ ಏರಬಲ್ಲದು. ಕ್ಷಯದ ಔಷಧ ರಿಫಾಂಪಿಸಿನ್ ಇದಕ್ಕೆ ತದ್ವಿರುದ್ಧ: ಕಿಣ್ವಗಳನ್ನು ಹೆಚ್ಚಿಸಿ ಗರ್ಭನಿರೋಧಕ ಮಾತ್ರೆಯನ್ನೇ ಸೋಲಿಸೀತು. ಎಚ್‌ಐವಿ ಚಿಕಿತ್ಸೆಯಲ್ಲಿ ವೈದ್ಯರು ರಿಟೊನಾವಿರ್‌ನಿಂದ ಕಿಣ್ವವನ್ನು ಬೇಕೆಂದೇ ತಡೆದು ಜೊತೆಯ ಔಷಧವನ್ನು ಉಳಿಸುತ್ತಾರೆ, ಆದರೆ ಅಳೆದು. ಸಾರಿಗೆ ಮೆಣಸು ಹಾಕಿ, ಅಡ್ಡಿಯಿಲ್ಲ; ಕ್ಯಾಪ್ಸೂಲ್ ನುಂಗುವ ಮುನ್ನ ವೈದ್ಯರಿಗೆ ಹೇಳಿ.